ಗಂಡನ ಸಹಿ ಬೇಕಾದ ಪ್ರಬಂಧ

ಕಳೆದ ಬುಧವಾರ ನನ್ನ ಗಂಡ ಒಂದು ಕಾಗದಕ್ಕೆ ಸಹಿ ಹಾಕಿದರು. ಟೈಪ್ ಮಾಡಿದ ಕಾಗದ. ಒಕ್ಕಣೆ ಇಷ್ಟು: ‘ನನ್ನ ಹೆಂಡತಿಯಾದ ಶ್ರೀಮತಿ ರತ್ನಮ್ಮನವರು ಕಾಲೇಜಿಗೆ ಸಲ್ಲಿಸಿರುವ ಇಂಗ್ಲಿಷ್ ಪ್ರಬಂಧವನ್ನು ನಾನು ಬರೆದುಕೊಟ್ಟಿರುವುದಿಲ್ಲವೆಂದು ಈ ಮೂಲಕ ದೃಢೀಕರಿಸುತ್ತೇನೆ.’ ಕೆಳಗೆ, ತಿಪ್ಪೇಸ್ವಾಮಿ, ಕಂಡಕ್ಟರ್.

ಇನ್ನೊಮ್ಮೆ ಓದಿಕೊಳ್ಳಿ. ನಾನು ನಾಲ್ಕು ಸಲ ಓದಿದೆ.

ನನ್ನ ಗಂಡ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ಎರಡು ಸಲ ಕೂತು ಎರಡು ಸಲವೂ ನಪಾಸಾದವರು. (ಇದನ್ನು ಬರೆಯಲು ಅವರ ಅಪ್ಪಣೆ ಪಡೆದಿದ್ದೇನೆ. ಅಪ್ಪಣೆ ಕೇಳುವುದು ಈಗೀಗ ಅಭ್ಯಾಸವಾಗುತ್ತಿದೆ.) ಅವರು ಕೆಲಸ ಮಾಡುವುದು ದುರ್ಗದಿಂದ ಹೊಳಲ್ಕೆರೆ ಮೇಲೆ ಹೊಸದುರ್ಗಕ್ಕೆ ಹೋಗುವ ಖಾಸಗಿ ಬಸ್ಸಿನಲ್ಲಿ. ಒಳ್ಳೆಯ ಮನುಷ್ಯ. ಆದರೆ ಅವರು ಇಂಗ್ಲಿಷಿನಲ್ಲಿ ಪ್ರಬಂಧ ಬರೆದಿಲ್ಲ ಎನ್ನುವುದಕ್ಕೆ ಸಾಕ್ಷಿ ಬೇಕಿದ್ದರೆ ಅವರ ಹಳೆಯ ಮಾರ್ಕ್ಸ್ ಕಾರ್ಡು ಸಾಕಿತ್ತು.

ಯಾಕೆ ಬೇಕಾಯಿತು ಈ ಕಾಗದ? ಹೇಳುತ್ತೇನೆ. ಸಿಟ್ಟಿನಲ್ಲೇ ಹೇಳುತ್ತೇನೆ, ಮನ್ನಿಸಬೇಕು.

ಪ್ರತಿವಾರ ಈ ಅಂಕಣ ಓದುವವರಿಗೆ ಗೊತ್ತು, ನಾನು ಚಿತ್ರದುರ್ಗದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಬೆಳಗ್ಗೆ ಏಳರಿಂದ ಮಧ್ಯಾಹ್ನ ಮೂರರವರೆಗೆ ಕಿವಿಗೆ ಹೆಡ್‌ಸೆಟ್, ಎದುರಿಗೆ ಬೋರ್ಡು, ಕೈಯಲ್ಲಿ ವೈರು. ಹಿರಿಯೂರು ಕೇಳಿದವರಿಗೆ ಹಿರಿಯೂರು, ಪುಣೆ ಕೇಳಿದವರಿಗೆ ಪುಣೆ. ಮನೆಗೆ ಬಂದು ಮಗಳು ಸುಜಾತಳಿಗೆ ತಿಂಡಿ ಕೊಟ್ಟು, ಜಡೆ ಬಿಚ್ಚಿ ಬಾಚಿ, ಅವಳನ್ನು ಅತ್ತೆಯ ಹತ್ತಿರ ಬಿಟ್ಟು, ಆರು ಗಂಟೆಗೆ ಸಂಜೆ ಕಾಲೇಜಿಗೆ ಹೋಗುತ್ತೇನೆ. ಬಿ.ಎ. ಕೊನೆಯ ವರ್ಷ. ಪಿಯುಸಿ ಮುಗಿಸಿ ಮದುವೆಯಾಗಿ, ಎಂಟು ವರ್ಷ ಬಿಟ್ಟು ಮತ್ತೆ ಶುರು ಮಾಡಿದ ಓದು. ಕಾಲೇಜಿನ ಹೆಸರು ಬೇಡ.

ಈ ವರ್ಷ ಇಂಗ್ಲಿಷಿನಲ್ಲಿ ಹೊಸದೊಂದು ಪೇಪರ್ ಬಂತು. ವಿಜ್ಞಾನ ಕಥೆಗಳು. ಮೈಸೂರಿನಿಂದ ಆಗತಾನೇ ಬಂದಿರುವ ಎಳೆ ವಯಸ್ಸಿನ ಮೇಷ್ಟ್ರೊಬ್ಬರು ಅದನ್ನು ಪಾಠ ಮಾಡುತ್ತಾರೆ. ಪುಸ್ತಕ ಒಂದೇ ಇದ್ದದ್ದು. ಪಾಠಕ್ಕೆ ಬಂದ ಕಥೆಯನ್ನಷ್ಟೇ ಅವರು ಸೈಕ್ಲೋಸ್ಟೈಲ್ ಪ್ರತಿ ತೆಗೆಸಿ ನಮಗೆಲ್ಲ ಹಂಚುತ್ತಿದ್ದರು. ರಾಕೆಟ್ಟು, ಚಂದ್ರಲೋಕ ಎಂದುಕೊಂಡು ಹೋಗಿದ್ದೆ. ಹಾಗಿರಲಿಲ್ಲ.

ಒಂದು ಕಥೆಯಂತೂ ನನ್ನನ್ನು ಹಿಡಿದು ಕೂರಿಸಿತು. ಮುಂದೆಂದೋ ಬರುವ ಕಾಲದ ನಗರ. ಅಲ್ಲಿ ಸರ್ಕಾರವೇ ಇಲ್ಲ, ಕಂಪನಿಗಳದ್ದೇ ಕಾರುಬಾರು. ಕಂಪನಿಯವರು ಮೋಡ ಮುಟ್ಟುವ ಗೋಪುರಗಳಲ್ಲಿ ಇರುತ್ತಾರೆ. ಕೆಳಗಿನ ಬೀದಿಗಳಿಗೆ ಬಿಸಿಲೇ ಬೀಳುವುದಿಲ್ಲ. ಕೆಲಸ ಬೇಕು ಎಂದು ಬಂದವರ ತಲೆಗೆ ತಂತಿ ಸಿಕ್ಕಿಸಿ ದೊಡ್ಡದೊಂದು ಲೆಕ್ಕದ ಯಂತ್ರಕ್ಕೆ ಜೋಡಿಸುತ್ತಾರೆ. ಯಂತ್ರ ಯೋಚಿಸುವುದು ಇವರ ತಲೆಯಿಂದ. ಇವರಿಗೆ ಮಾತ್ರ ಯೋಚಿಸಲು ಏನೂ ಉಳಿಯುವುದಿಲ್ಲ.

ಕ್ಲಾಸಿನ ಹುಡುಗರು, ಇದೆಲ್ಲ ಆಗುವ ಮಾತಲ್ಲ ಎಂದು ನಕ್ಕರು. ನನಗೆ ನಗು ಬರಲಿಲ್ಲ. ಎಂಟು ಗಂಟೆ ಕಿವಿಗೆ ತಂತಿ ಸಿಕ್ಕಿಸಿಕೊಂಡು ಕೂತು ಬಂದವಳಿಗೆ ಹೇಗೆ ಬರುತ್ತದೆ?

ಭಾನುವಾರ ಬಟ್ಟೆ ಒಗೆಯುವಾಗ ಆ ಕಥೆಯನ್ನು ಸುಜಾತಳಿಗೆ ಹೇಳಿದೆ. ಏಳು ವರ್ಷದವಳು. ಕಲ್ಲಿನ ಮೇಲೆ ಕೂತು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, “ಅಮ್ಮ, ಅವ್ರು ಮನೀಗ್ ಹೋಗೋವಾಗ ತಂತಿ ಎಲ್ಲಿ ಬಿಚ್ಚಿಡ್ತಾರೆ?” ಅಂತ ಕೇಳಿದಳು.

ಕಥೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಬರೆದ ಮಹಾಶಯನಿಗೆ ಕೆಲಸದವರು ಮನೆಗೆ ಹೋಗುತ್ತಾರೆ ಎನ್ನುವುದೇ ಹೊಳೆದಿರಲಿಲ್ಲ. ಅವರಿಗೂ ಮಗುವಿರುತ್ತದೆ, ಒಲೆಯಿರುತ್ತದೆ, ಮನೆಗೆ ಬಂದ ಮೇಲೂ ಕಿವಿಯಲ್ಲಿ ‘ನಂಬರ್ ಪ್ಲೀಸ್’ ಗುಂಯ್‌ಗುಡುತ್ತಿರುತ್ತದೆ. ನಾನು ಪ್ರಬಂಧ ಬರೆದದ್ದು ಅದರ ಮೇಲೆಯೇ. ಹನ್ನೊಂದು ಪುಟ. ಮನುಷ್ಯನನ್ನು ತಿನ್ನುವುದು ಯಂತ್ರವಲ್ಲ, ಹಿಂದೆ ಗಡಿಯಾರ ಹಿಡಿದು ನಿಂತವನು ಎಂದು ಬರೆದೆ. ಮಗಳ ಪ್ರಶ್ನೆಯನ್ನು ಇಂಗ್ಲಿಷಿಗೆ ತಿರುಗಿಸಿ ಮೊದಲನೇ ಸಾಲಿಗೇ ಇಟ್ಟೆ.

ಎಳೆ ಮೇಷ್ಟ್ರು ಓದಿ ಖುಷಿಪಟ್ಟರು. ಖುಷಿಯಲ್ಲಿ ಪ್ರಿನ್ಸಿಪಾಲರಿಗೆ ತೋರಿಸಿದರು. ಇಂಗ್ಲಿಷ್ ವಿಭಾಗಕ್ಕೂ ಅವರೇ ಮುಖ್ಯಸ್ಥರು. ಅಲ್ಲಿಗೆ ಕೆಟ್ಟಿತು.

ಮಂಗಳವಾರ ಸಂಜೆ ಕರೆಸಿದರು. ಮೇಜಿನ ಮೇಲೆ ನನ್ನ ಪ್ರಬಂಧ. ಮೊದಲ ಸಾಲಿನ ಕೆಳಗೆ ಕೆಂಪು ಗೆರೆ. ಎಳೆ ಮೇಷ್ಟ್ರು ಗೋಡೆಗೆ ಒತ್ತಿಕೊಂಡು ನಿಂತಿದ್ದರು.

“ಈ ವಾಕ್ಯ ಯಾವ ಕ್ರಿಟಿಕ್‌ನದು?” ಅಂದರು ಪ್ರಿನ್ಸಿಪಾಲರು.

“ನನ್ನ ಮಗಳದ್ದು ಸಾರ್. ಎರಡನೇ ಕ್ಲಾಸು.”

“ತಮಾಷೆ ಬೇಡಮ್ಮ.”

ನಾನು ತಮಾಷೆ ಮಾಡಿರಲಿಲ್ಲ. ಬಟ್ಟೆ ಒಗೆಯುವ ಕಲ್ಲಿನಿಂದ ಹಿಡಿದು ನಡೆದದ್ದನ್ನೆಲ್ಲ ಹೇಳಿದೆ. ಅವರು ಕಿಟಕಿಯ ಕಡೆ ನೋಡುತ್ತ ಕೇಳಿದರು. ಆಮೇಲೆ, “ನಿಮ್ಮ ಮನೆಯಲ್ಲಿ ಯಾರು ಓದಿದ್ದಾರೆ?” ಅಂದರು.

“ನಾನು ಸಾರ್.”

“ಅಲ್ಲ, ನಿಮ್ಮ ತಂದೆ?”

“ನಮ್ಮೂರು ಹರಿಯಬ್ಬೇಲಿ ಕುರಿ ಮೇಯಿಸ್ತಾರೆ.”

ಅಷ್ಟು ಸಾಕಾಯಿತು ಅವರಿಗೆ. ಇಂಥ ಇಂಗ್ಲಿಷ್ ನಿಮಗೆ ಬರುವುದು ಸಾಧ್ಯವಿಲ್ಲ, ಯಜಮಾನರೋ ಮತ್ತಾರೋ ಬರೆದುಕೊಟ್ಟಿರಬೇಕು, ಇದು ನನ್ನ ಬರಹವಲ್ಲ ಎಂದು ಯಜಮಾನರೇ ಬರೆದುಕೊಡಲಿ, ಅಲ್ಲಿಯವರೆಗೆ ಹಾಲ್ ಟಿಕೆಟ್ ಇಲ್ಲ ಎಂದರು. ಗಂಡ ಕುರಿ ಕಾಯುತ್ತಾನೋ ಕಾಲೇಜು ಕಟ್ಟಿದ್ದಾನೋ ಅವರಿಗೆ ಗೊತ್ತಿಲ್ಲ. ಕೇಳಲೂ ಇಲ್ಲ. ಗಂಡನಾದರೆ ಸಾಕು, ಅವನಿಗೆ ಬರುತ್ತದೆ.

ಎಳೆ ಮೇಷ್ಟ್ರ ಕಡೆ ನೋಡಿದೆ. ಅವರು ತಮ್ಮ ಚಪ್ಪಲಿ ನೋಡಿಕೊಂಡರು.

“ಕಾಗದ ತರಲ್ಲ ಸಾರ್,” ಎಂದು ಹೇಳಿ ಬಂದೆ.

ಒಂದು ವಿಷಯ ಇಲ್ಲಿ ಹೇಳಲೇಬೇಕು. ಇದೇ ಪ್ರಿನ್ಸಿಪಾಲರು ವಾರಕ್ಕೊಮ್ಮೆ ಪುಣೆಗೆ ಟ್ರಂಕ್ ಕಾಲ್ ಬುಕ್ ಮಾಡುತ್ತಾರೆ. (ಏನು ಮಾತಾಡುತ್ತಾರೆ ಎಂದು ಹೇಳುವಂತಿಲ್ಲ, ನೌಕರಿಯ ನಿಯಮ.) ಲೈನು ಸಿಗದಿದ್ದರೆ ಪುಣೆಯ ಆಪರೇಟರ್ ಜತೆ ಅವರ ಪರವಾಗಿ ಇಂಗ್ಲಿಷಿನಲ್ಲಿ ಜಗಳವಾಡುವವಳು ಯಾರು? ಐಮಂಗಲದ ಹೈಸ್ಕೂಲಿನಲ್ಲಿ ಕಲಿತ ನಾಲ್ಕಕ್ಷರ ಇಂಗ್ಲಿಷನ್ನು ನಾನು ದೊಡ್ಡದು ಮಾಡಿಕೊಂಡದ್ದು ಆ ಬೋರ್ಡಿನ ಮುಂದೆ, ಆರು ವರ್ಷ, ಬೊಂಬಾಯಿ ಮದರಾಸಿನವರ ಜತೆ ವಾದಿಸಿ ವಾದಿಸಿ. ತಂತಿಯಲ್ಲಿ ಬಂದಾಗ ನನ್ನ ಇಂಗ್ಲಿಷು ಅವರಿಗೆ ನಡೆಯುತ್ತದೆ. ಕಾಗದದ ಮೇಲೆ ಬಂದರೆ ಕದ್ದ ಮಾಲಾಗುತ್ತದೆ.

ಬಹುಶಃ ಈ ಅಂಕಣವನ್ನೂ ನಮ್ಮ ಯಜಮಾನರೇ ಬರೆಯುತ್ತಾರೆ ಎಂದು ತಿಳಿದಿರಬಹುದು. ಅದಕ್ಕೂ ಒಂದು ದೃಢೀಕರಣ ಕೇಳಿದರೆ ಆಶ್ಚರ್ಯವಿಲ್ಲ.

ನಾನು ತರಲ್ಲ ಅಂದರೇನು? ಮಾರನೇ ದಿನ ಅವರು ನನ್ನ ಅಡ್ಮಿಷನ್ ಫಾರಂನಿಂದ ಗಂಡನ ಹೆಸರು, ಕೆಲಸ ತೆಗೆಸಿ, ಕಾಗದ ಟೈಪ್ ಮಾಡಿಸಿ, ಜವಾನನ ಕೈಲಿ ಬಸ್ ಸ್ಟ್ಯಾಂಡಿಗೇ ಕಳಿಸಿದರು. ಬಸ್ಸು ಹೊರಡುವ ಹೊತ್ತು. ನಮ್ಮವರು ಸೀಟಿ ಬಾಯಲ್ಲಿಟ್ಟುಕೊಂಡೇ ಸಹಿ ಹಾಕಿದರು. ಸಂಜೆ ನಾನು ಕಾಲೇಜಿಗೆ ಹೋಗಲಿಲ್ಲ. ಮನೆಗೆ ಬಂದ ನಮ್ಮವರು ಜೇಬಿನಿಂದ ಆ ಕಾಗದದ ಕಾರ್ಬನ್ ಕಾಪಿ ತೆಗೆದು ಹೆಮ್ಮೆಯಿಂದ ನನ್ನ ಕೈಗಿಟ್ಟರು.

“ನಿನ್ ಕೆಲ್ಸ ಆತು ತಗಾ,” ಅಂದರು.

“ಓದಿ ಹಾಕಿದ್ರಾ ಸೈನು?”

“ಓದ್ದೆ. ನಾನು ಬರ್ದಿಲ್ಲ ಅಂತ ಐತೆ. ನಾನು ಬರ್ದಿಲ್ವಲ್ಲ. ಸುಳ್ಳೇನೈತೆ ಅದ್ರಾಗೆ?”

ಸುಳ್ಳೇನೂ ಇರಲಿಲ್ಲ. ಅದಕ್ಕೇ ನನಗೆ ಮೈಯೆಲ್ಲ ಉರಿದದ್ದು. ಸುಳ್ಳಾಗಿದ್ದರೆ ಹರಿದು ಒಲೆಗೆ ಹಾಕಬಹುದಿತ್ತು.

“ನಾಳೆ ನಿಮ್ ಬಸ್ಸಿನ ಮಾಲೀಕ್ರು ನನ್ನ ಕರ್ಸ್ತಾರೆ ಅಂತಿಟ್ಕಳ್ರಿ,” ಅಂದೆ. “ದಿನಾ ಟಿಕೆಟ್ ಹರಿಯೋನು ನಿನ್ ಗಂಡಾನೋ ನೀನೋ, ನಾನು ಹರ್ದುಕೊಟ್ಟಿಲ್ಲ ಅಂತ ಬರ್ದುಕೊಡಮ್ಮ ಅಂತಾರೆ. ನಾನು ಬರ್ದುಕೊಟ್ಟು ಬಂದು, ನಿಮ್ ಕೆಲ್ಸ ಆತು ತಗಳ್ರಿ ಅಂದ್ರೆ?”

ಅವರು ಉಣ್ಣುತ್ತಿದ್ದವರು ಕೈ ನಿಲ್ಲಿಸಿದರು. ಒಲೆಯ ಹತ್ತಿರ ರೊಟ್ಟಿ ತಟ್ಟುತ್ತಿದ್ದ ನಮ್ಮತ್ತೆ ತಿರುಗಿ ನೋಡದೆಯೇ ಹೇಳಿದರು: “ನಮ್ಮಪ್ಪ ನನಗ್ ಕೊಟ್ಟ ಹೊಲಕ್ಕೆ ನಾನು ಹೆಬ್ಬೆಟ್ ಒತ್ತೋವಾಗ್ಲೂ ನಿಮ್ ಮಾವ ಪಕ್ಕದಾಗೆ ನಿಂತಿರ್ಬೇಕಿತ್ತು ಕಣಮ್ಮ. ಬೆರಳು ನಂದು, ಹೊಲ ನಂದು. ಸಾಹೇಬ್ರು ಕೇಳಿದ್ದು ಅವ್ರನ್ನ, ಒತ್ತಿಸ್ಲೇನಪ್ಪ ಅಂತ.”

ನಮ್ಮತ್ತೆ ನನ್ನ ಪಕ್ಷ ವಹಿಸಿದ್ದು ಈ ಹತ್ತು ವರ್ಷದಲ್ಲಿ ಅದೇ ಮೊದಲು. ನಮ್ಮವರು ಕೈ ತೊಳೆದು ಬಂದು ಹೊಸ್ತಿಲ ಮೇಲೆ ಕೂತರು.

“ನಾ ಹಂಗ್ ಯೋಚ್ನೆ ಮಾಡ್ಲಿಲ್ಲ,” ಅಂದರು. “ನಾಳೆ ರಜಾ ಹಾಕ್ತೀನಿ. ಹೋಗಾಣ. ಆ ಕಾಗದ ವಾಪಸ್ ಇಸ್ಕಂಬರಾಣ.”

ಗುರುವಾರ ಸಂಜೆ ಇಬ್ಬರೂ ಹೋದೆವು. ಪ್ರಿನ್ಸಿಪಾಲರ ಕೋಣೆಯಲ್ಲಿ ಎರಡು ಕುರ್ಚಿ ಖಾಲಿ ಇದ್ದವು. ಮೂರು ವರ್ಷದಲ್ಲಿ ಆ ಕುರ್ಚಿಯಲ್ಲಿ ನನಗೆ ಯಾರೂ ಕೂರಲು ಹೇಳಿಲ್ಲ. ಅವತ್ತು ಪ್ರಿನ್ಸಿಪಾಲರು ಎದ್ದು ನಿಂತು, “ಬನ್ನಿ ಬನ್ನಿ ತಿಪ್ಪೇಸ್ವಾಮಿಯವರೇ, ಕೂತ್ಕೊಳ್ಳಿ,” ಅಂದರು.

ನಮ್ಮವರು ಕೂರಲಿಲ್ಲ. “ಸಾರ್, ನಿನ್ನೆ ಸೈನ್ ಹಾಕಿದ್ ಕಾಗದ ವಾಪಸ್ ಕೊಡ್ರಿ,” ಅಂದರು.

“ಯಾಕೆ, ಏನಾದರೂ ತಪ್ಪಿದೆಯಾ?”

“ಅದು ನಾ ಹೇಳೋ ಮಾತಲ್ಲ ಸಾರ್. ಬರ್ದೋಳು ಅವ್ಳು. ಕೇಳೋದಿದ್ರೆ ಅವ್ಳನ್ನ ಕೇಳ್ರಿ.”

“ಅದು ಫೈಲಿಗೆ ಹೋಗಿಬಿಟ್ಟಿದೆ. ಫೈಲಿನಿಂದ ತೆಗೆಯಲಿಕ್ಕೆ ಬರಲ್ಲ.” ಆಮೇಲೆ ದನಿ ಇಳಿಸಿ ನಮ್ಮವರಿಗೇ ಹೇಳಿದರು, “ನೋಡಿ, ನಮ್ಮದು ಶಿಸ್ತಿನ ಸಂಸ್ಥೆ. ಇದೆಲ್ಲ ನಿಮ್ಮ ಮನೆಯವರ ಒಳ್ಳೆಯದಕ್ಕೇ.”

ಕೋಣೆಯಲ್ಲಿ ನಾನೂ ಇದ್ದೆ. ಒಂದು ಮಾರು ದೂರದಲ್ಲಿ ನಿಂತಿದ್ದೆ. ಹಸಿರು ಸೀರೆ ಉಟ್ಟಿದ್ದೆ. ಕಾಣಿಸದೇ ಇರುವಷ್ಟು ಸಣ್ಣವಳೂ ಅಲ್ಲ.

“ಸಾರ್,” ಅಂದೆ, ಸ್ವಲ್ಪ ಜೋರಾಗಿಯೇ. “ನನಗೆ ಹಾಳೆ ಕೊಡಿ. ಪ್ರಶ್ನೆ ನೀವೇ ಕೊಡಿ. ನಾನು ನೋಡದೇ ಇರೋ ಪ್ರಶ್ನೆ. ಇಲ್ಲೇ ಕೂತು ನಿಮ್ಮ ಕಣ್ಣ ಮುಂದೆ ಬರೀತೀನಿ. ಬರೆಯಕ್ಕೆ ಆಗದಿದ್ರೆ ಹಾಲ್ ಟಿಕೆಟ್ ನಾನೇ ಬೇಡ ಅಂತೀನಿ.”

ಅವರಿಗೆ ಇಷ್ಟವಿರಲಿಲ್ಲ. ಆದರೆ ಬಾಗಿಲ ಹತ್ತಿರ ಕ್ಲಾಸಿನ ನಾಲ್ಕೈದು ಜನ ಬಂದು ನಿಂತಿದ್ದರು. ಇಲ್ಲವೆಂದರೆ ಮರ್ಯಾದೆಯಲ್ಲ. ಎಳೆ ಮೇಷ್ಟ್ರ ಕೈಲಿ ಪುಸ್ತಕ ತರಿಸಿ, ಕ್ಲಾಸಿನಲ್ಲಿ ಇನ್ನೂ ಪಾಠವಾಗದ ಕಥೆಯೊಂದನ್ನು ತೆಗೆದು ಮುಂದಿಟ್ಟರು. ಮನುಷ್ಯರಂತೆ ಮಾತಾಡುವ ಯಂತ್ರದ ಕಥೆ. ಓದಿ ವಿಮರ್ಶಿಸಿ, ಒಂದೂವರೆ ಗಂಟೆ, ಅಂದರು. ಅದೇ ಕೋಣೆಯಲ್ಲಿದ್ದ ಗುಮಾಸ್ತರ ಮೇಜಿನ ಮೂಲೆಯಲ್ಲಿ ನನಗೊಂದು ಸ್ಟೂಲು ಕೊಟ್ಟರು. ನಮ್ಮವರನ್ನು ಹೊರಗೆ ವರಾಂಡದಲ್ಲಿ ಕೂರಿಸಿದರು. ಒಳಗಿದ್ದರೆ ಪಿಸುಗುಟ್ಟಿ ಹೇಳಿಕೊಟ್ಟಾರು ಎಂದಿರಬೇಕು.

ಹೆದರಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಮೊದಲ ಹತ್ತು ನಿಮಿಷ ಇಂಗ್ಲಿಷಿನ ಅಕ್ಷರಗಳೇ ಕಣ್ಣಿಗೆ ಹತ್ತಲಿಲ್ಲ. ಇವತ್ತು ತಪ್ಪಿದರೆ ನಾನೊಬ್ಬಳೇ ತಪ್ಪಿದಂತಲ್ಲ ಎನಿಸಿತು. ನಾಳೆ ಇನ್ನೊಬ್ಬ ಕುರಿಗಾಹಿಯ ಮಗಳು ಇಲ್ಲಿಗೆ ಬಂದರೆ, ಹಿಂದೆ ಒಬ್ಬಳು ಸಿಕ್ಕಿಬಿದ್ದಿದ್ದಳು ಎನ್ನುತ್ತಾರೆ. ಆಮೇಲೆ ಸಿಟ್ಟೇ ಕೈ ಹಿಡಿಯಿತು. ಕಥೆಯ ಯಂತ್ರವನ್ನು ಮನುಷ್ಯರು ಕೂರಿಸಿಕೊಂಡು ಪರೀಕ್ಷೆ ಮಾಡುತ್ತಾರೆ, ಅದಕ್ಕೆ ನಿಜವಾಗಿ ಬುದ್ಧಿಯಿದೆಯೋ ಯಾರಾದರೂ ಹೇಳಿಕೊಟ್ಟದ್ದೋ ಎಂದು. ಇಂಥ ಕಥೆಯ ಮೇಲೆ ಆ ಸಂಜೆ, ಆ ಸ್ಟೂಲಿನ ಮೇಲೆ ಕೂತು ಬರೆಯಲು ನನಗೆ ಯಾವ ಕ್ರಿಟಿಕ್ ಬೇಕಿತ್ತು? ಏಳು ಪುಟ ಬರೆದೆ.

ಪ್ರಿನ್ಸಿಪಾಲರು ಎರಡು ಸಲ ಓದಿದರು. ಕೆಂಪು ಪೆನ್ನಿನ ಮುಚ್ಚಳ ತೆಗೆದವರು ಮತ್ತೆ ಮುಚ್ಚಿದರು. ಎಳೆ ಮೇಷ್ಟ್ರಿಗೆ ದಾಟಿಸಿದರು. ಅವರು ಓದಿ, ಮೊದಲನೇ ಬಾರಿಗೆ ತಲೆಯೆತ್ತಿ, “ಇದು ಮೊದಲನೇದಕ್ಕಿಂತ ಚೆನ್ನಾಗಿದೆ ಸಾರ್,” ಅಂದರು. (ಎರಡು ದಿನ ಮೊದಲೇ ಬಾಯಿ ಬಿಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.)

ತಪ್ಪಾಯಿತು ಎಂದರೇ? ಇಲ್ಲ. ಕಾಗದ ಫೈಲಿನಿಂದ ತೆಗೆದರೇ? ಅದೂ ಇಲ್ಲ, ಈಗಲೂ ಅಲ್ಲೇ ಇದೆ. ಹಾಲ್ ಟಿಕೆಟಿಗೆ ಸಹಿ ಹಾಕಿ ಮೇಜಿನ ತುದಿಗೆ ಸರಿಸಿದರು. ನಾನು ತೆಗೆದುಕೊಂಡು ನಿಂತಿದ್ದೆ. ಇಷ್ಟಾದ ಮೇಲೆ ಒಂದು ಮಾತಾದರೂ ಆಡುತ್ತಾರೆ ಎಂದು ಕಾದೆ.

ಆಡಿದರು. ಕುರ್ಚಿಯಿಂದ ಎದ್ದು, ನನ್ನ ಪಕ್ಕದಲ್ಲೇ ಹಾದು, ವರಾಂಡಕ್ಕೆ ಹೋಗಿ ನಮ್ಮವರ ಕೈ ಹಿಡಿದು ಕುಲುಕಿದರು. “ಕಂಗ್ರಾಜುಲೇಷನ್ಸ್ ತಿಪ್ಪೇಸ್ವಾಮಿಯವರೇ. ಮನೆಯವರನ್ನು ಬಹಳ ಚೆನ್ನಾಗಿ ತಯಾರು ಮಾಡಿದ್ದೀರಿ.”

ನಮ್ಮವರು ಕೈ ಬಿಡಿಸಿಕೊಳ್ಳಲೂ ಆಗದೆ, ಹಿಡಿದುಕೊಳ್ಳಲೂ ಆಗದೆ ನನ್ನ ಕಡೆ ನೋಡಿದರು.

ಏಳು ಪುಟ ಬರೆದು ಬೆರಳಿಗೆಲ್ಲ ಮಸಿ ಹತ್ತಿದ್ದ ನನ್ನ ಕೈ ಅಲ್ಲೇ ಇತ್ತು. ಅದು ಅವರ ಕಣ್ಣಿಗೆ ಬೀಳಬೇಕಾದರೆ ನಾನು ಇನ್ನೆಷ್ಟು ಪುಟ ಬರೆಯಬೇಕು?