ಹೊತ್ತಿದ ಕೊಬ್ಬರಿಯ ವಾಸನೆ

ಎಲ್ಲರ ಬಾಯಲ್ಲೂ ಕೊರೊನಾದ ಹೆಸರೇ ಇದ್ದ ಆ ದಿನಗಳ ಎರಡನೆಯ ಬೇಸಿಗೆಯಲ್ಲಿ ನಾನು ಎಂಟನೆಯ ತರಗತಿಯಲ್ಲಿದ್ದೆ. ಒಂಬತ್ತನೆಯದೂ ಇರಬಹುದು, ಸಾಲೆಗೆ ಹೋಗದೆಯೇ ಪಾಸಾದ ವರ್ಷಗಳು ನನ್ನಲ್ಲಿ ಒಂದರೊಳಗೊಂದು ಸೇರಿಹೋಗಿವೆ. ಮನೆಯವರು ಹತ್ತಾರು ಸಲ ಹೇಳಿದ್ದು ನಾನು ಕಂಡದ್ದರ ಮೇಲೆ ಕುಳಿತಿರಲೂಬಹುದು. ವಾಸನೆಯೊಂದರ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ.

ರಾಮದುರ್ಗದ ನಮ್ಮ ಓಣಿಯಲ್ಲಿ ಬೇಸಿಗೆಯೆಂದರೆ ವರ್ಷಕ್ಕಾಗುವಷ್ಟು ಖಾರದ ಪುಡಿ ಮಾಡುವ ಕಾಲ. ಮಾಳಿಗೆಯ ಮೇಲೆಲ್ಲ ಬ್ಯಾಡಗಿ ಮೆಣಸಿನಕಾಯಿ. ಒಲೆಯ ಮೇಲೆ ಕೊತ್ತಂಬರಿ ಬೀಜ, ಒಣಕೊಬ್ಬರಿ, ಕಲ್ಲುಹೂವು ಒಂದೊಂದಾಗಿ ಹುರಿಯುತ್ತಿದ್ದರೆ ಓಣಿಗೆ ಓಣಿಯೇ ಸೀನುತ್ತಿತ್ತು. ಹುರಿದದ್ದು ಹದಕ್ಕೆ ಬಂತೆಂದು ಹೇಳುವವಳು ಆಯಿ, ನನ್ನ ಅಪ್ಪನ ತಾಯಿ. ಬಾಣಲೆಗೆ ಬೆನ್ನು ಹಾಕಿ ಕುಳಿತು, ನನ್ನೊಡನೆ ಚೌಕಾಬಾರಾ ಆಡುತ್ತಲೇ "ಇಳಸು, ಸಾಕು" ಎನ್ನುವಳು. ನೆರೆಯವರೂ ಅವಳನ್ನು ತಮ್ಮ ಒಲೆಯ ಮುಂದೆ ಕೂರಿಸಲು ಕರೆದೊಯ್ಯುತ್ತಿದ್ದರು. "ನನ್ನ ಮೂಗು ಅಂದ್ರ ಏನ್ ತಿಳದೀರಿ!" ಎಂದು ಸೆರಗು ಸರಿಮಾಡಿಕೊಂಡು ಹೊರಡುವಳು.

ಆ ವರ್ಷ ಯಾರೂ ಯಾರ ಮನೆಗೂ ಹೋಗುವಂತಿರಲಿಲ್ಲ. ನಮ್ಮ ಮನೆಯ ಖಾರವಂತೂ ನಿಲ್ಲಲಿಲ್ಲ. ಆಯಿಗೆ ಎರಡು ದಿನದಿಂದ ಕೆಮ್ಮಿತ್ತು, ಮೈ ತುಸು ಬೆಚ್ಚಗಿತ್ತು. "ಖಾರದ ಘಾಟು, ಬ್ಯಾರೆ ಏನಿಲ್ಲ" ಎಂದಳು. ಎಲ್ಲರೂ ಕೆಮ್ಮುತ್ತಿದ್ದ ಮನೆಯಲ್ಲಿ ನಾವೂ ಹೌದೆಂದೆವು.

ಕಾಕಾನ ಹೆಂಡತಿ, ನನ್ನ ಚಿಗವ್ವ, ಸರಕಾರಿ ಆಸ್ಪತ್ರೆಯ ಲ್ಯಾಬಿನಲ್ಲಿದ್ದಳು. ಸೋಂಕನ್ನು ಮನೆಯೊಳಗೆ ತಂದೇನೆಂದು ತಿಂಗಳಿನಿಂದ ಹಿತ್ತಲಿನ ಕೋಣೆಯಲ್ಲಿ ಒಬ್ಬಳೇ ಇದ್ದಳು, ಮಾತೆಲ್ಲ ಕಿಟಕಿಯಿಂದ. ಕೆಮ್ಮು ಕೇಳಿದವಳೇ ಆಯಿಯನ್ನು ಆಸ್ಪತ್ರೆಗೆ ಕರೆಸಿ ಮೂಗಿಗೆ ಕಡ್ಡಿ ಹಾಕಿಸಿದಳು. ಕೆಲವೇ ನಿಮಿಷಗಳಲ್ಲಿ ಫಲಿತಾಂಶ ಹೇಳುವ ಪರೀಕ್ಷೆ ಅದು. ನೆಗೆಟಿವ್ ಬಂತು. ಆಯಿ ಗೆದ್ದವಳಂತೆ ಬಂದು ಒಲೆಯ ಮುಂದೆ ಕುಳಿತಳು.

ಮರುದಿನ ಅವ್ವ ಬಾಣಲೆಗೆ ಕೊಬ್ಬರಿ ಹಾಕಿ, ಆಯಿ ಇದ್ದಾಳಲ್ಲ ಎಂದು ಮಾಳಿಗೆಗೆ ಹೋದಳು. ಆಯಿ ಎಂದಿನಂತೆ ಒಲೆಗೆ ಬೆನ್ನು ಹಾಕಿ ನನ್ನೊಡನೆ ಆಡುತ್ತಿದ್ದಳು. ಮೊದಲು ಸಿಹಿಯಾದ ವಾಸನೆ ಬಂತು, ಆಮೇಲೆ ಕಹಿಯಾದದ್ದು.

"ಆಯಿ, ಕೊಬ್ಬರಿ ಹೊತ್ತೈತಿ!" ಎಂದೆ.

"ಸೋಲಾಕ ಬಂದಿ ಅಂತ ಆಟ ಕೆಡಸ್ತಿಯೇನ? ಕವಡಿ ಹಾಕು."

"ಅಲ್ಲೆ ಹೊಗಿ ನೋಡು!"

ಆಯಿ ತಿರುಗಿದಳು. ಕೊಬ್ಬರಿ ಇದ್ದಿಲಾಗಿತ್ತು. ಬಾಗಿ ಮೂಗನ್ನು ಬಾಣಲೆಯ ಹತ್ತಿರ ಒಯ್ದಳು, ಮತ್ತೊಮ್ಮೆ ಒಯ್ದಳು.

ನಾನು ಹಿತ್ತಲಿನ ಕಿಟಕಿಗೆ ಓಡಿದೆ. "ಚಿಗವ್ವಾ, ಆಯಿಗೆ ಕೊಬ್ಬರಿ ಹೊತ್ತಿದ್ದು ಗೊತ್ತಾಗ್ಲಿಲ್ಲ!"

"ಅತ್ತಿಯವರಿಗೆ? ಅತ್ತಿಯವರಿಗೆ ಗೊತ್ತಾಗ್ಲಿಲ್ಲ?" ಚಿಗವ್ವ ಉಣ್ಣುತ್ತಿದ್ದ ತಾಟು ಬಿಟ್ಟು ಎದ್ದಳು. "ವಾಸನಿ ಹೋಗೂದು ಕೊರೊನಾದ ಗುರುತು. ನಿನ್ನಿ ಪರೀಕ್ಷಾ ವೈರಸ್ ಭಾಳ ಇದ್ರಷ್ಟ ಹಿಡೀತೈತಿ. ಕಮ್ಮಿ ಇದ್ರ ತಪ್ಪತೈತಿ."

ಎರಡನೆಯ ಕಡ್ಡಿ ಬೆಳಗಾವಿಗೆ ಹೋಯಿತು. ಅಲ್ಲಿ ವೈರಸ್ಸಿನ ತುಣುಕನ್ನು ಒಂದು ಎರಡಾಗಿ, ಎರಡು ನಾಲ್ಕಾಗಿ, ಯಂತ್ರಕ್ಕೆ ಕಾಣುವವರೆಗೆ ಹೆಚ್ಚಿಸಿ ನೋಡುತ್ತಾರಂತೆ. ಚಿಗವ್ವ ವರದಿಗೆ ಕಾಯಲಿಲ್ಲ. ಆಯಿಯನ್ನು ಮಾಳಿಗೆಯ ಕೋಣೆಗೆ ಕಳಿಸಿ, ದಿನಕ್ಕೆ ನಾಲ್ಕು ಸಲ ಬೆರಳಿಗೆ ಆಕ್ಸಿಮೀಟರ್ ಹಾಕಿಸಿದಳು. ನಮ್ಮೆಲ್ಲರ ಮೂಗಿಗೂ ಕಡ್ಡಿ ಬಿತ್ತು.

"ಆ ವೈರಸ್ ಒಳಗ ಹೋಗಿ ಏನ್ ಮಾಡತೈತಿ?" ಎಂದು ಕಿಟಕಿಯಲ್ಲಿ ಕೇಳಿದೆ.

"ಅದಕ್ಕ ಸ್ವಂತ ಗಿರಣಿ ಇಲ್ಲ ನೋಡವ್ವಾ. ನಮ್ಮ ಜೀವಕೋಶಕ್ಕ ಹೊಕ್ಕು, ನಮ್ಮ ಗಿರಣ್ಯಾಗ ತನ್ನ ಹಿಟ್ಟು ಬೀಸ್ಕೊಂತೈತಿ. ಮೊದಲ ಮೂಗು, ಗಂಟಲ. ಆಮ್ಯಾಲ ಪುಪ್ಪುಸ. ಅದನ್ನ ಓಡಸಾಕ ಹೋಗಿ ನಮ್ಮ ಮೈನ ಬಾವು ಬರಿಸ್ಕೊಂತೈತಿ. ಆಗ ಎಷ್ಟು ಉಸರ ಎಳದ್ರೂ ಗಾಳಿ ರಕ್ತಕ್ಕ ಮುಟ್ಟಂಗಿಲ್ಲ."

ಮೂರನೆಯ ದಿನ ತೊಂಬತ್ತಾರಿದ್ದ ಆಕ್ಸಿಜನ್ ಅಂಕಿ ತೊಂಬತ್ತಕ್ಕಿಳಿಯಿತು. ಆಯಿ ಮಾತ್ರ ಆರಾಮವಾಗಿ ಚಹಾ ಕುಡಿಯುತ್ತ, "ನನಗೇನಾಗೇತ್ರಿ? ಆ ಡಬ್ಬಿ ಕೆಟ್ಟಿರಬೇಕು" ಎನ್ನುತ್ತಿದ್ದಳು. ಅವತ್ತೇ ಆಸ್ಪತ್ರೆಗೆ ಸೇರಿಸಿದರು. ಆಕ್ಸಿಜನ್ ಕೊಟ್ಟರು, ಬಾವು ಇಳಿಸಲು ಸ್ಟೆರಾಯ್ಡ್ ಕೊಟ್ಟರು, ಬೋರಲು ಮಲಗಿಸಿದರು. ಉಳಿದದ್ದನ್ನು ಅವಳ ಮೈಯೇ ಮಾಡಬೇಕಿತ್ತು. ಪಾಸಿಟಿವ್ ಎಂಬ ವರದಿ ಬಂದದ್ದು ಅದರ ಮರುದಿನ. ಸುಮಾರು ಎರಡು ವಾರಗಳ ಮೇಲೆ ಆಯಿ ನಡೆದುಕೊಂಡೇ ಮನೆಯ ಮೆಟ್ಟಿಲು ಹತ್ತಿದಳು. ತಡ ಮಾಡಿದ್ದರೆ ಉಳಿಯುತ್ತಿರಲಿಲ್ಲ ಎಂದರಂತೆ ಡಾಕ್ಟರು.

"ದವಾಖಾನಿ ಕಡ್ಡಿಗೆ ಸಿಗದ್ದನ್ನ ನಮ್ಮ ಅಕ್ಕೂ ಹಿಡದಳ್ರಿ!" ಎಂದು ಅಪ್ಪ ನನ್ನ ಹೆಸರೆತ್ತಿ ಓಣಿಗೆಲ್ಲ ಸಾರಿದ. ಆ ಹೆಮ್ಮೆಯಲ್ಲೇ ನಾನು ಬೆಳೆದೆ. ಈಗ ಧಾರವಾಡದಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದುತ್ತಿರುವುದಕ್ಕೂ ಅದೇ ಕಾರಣ. ನಾನು ಹೇಳಿದ್ದು ಸುಟ್ಟ ಕೊಬ್ಬರಿಯ ಸುದ್ದಿ ಅಷ್ಟೇ, ಅದರ ಅರ್ಥ ತಿಳಿದವಳು ಚಿಗವ್ವ ಎಂಬುದು ಗೊತ್ತಿದ್ದರೂ ಹೆಮ್ಮೆ ಕಡಿಮೆಯಾಗಿಲ್ಲ. ಅವಳ ಮೇಲಿನದೂ ಸೇರಿ ಇಮ್ಮಡಿಯಾಗಿದೆ.

ಆದರೆ ಆಯಿಯ ಮೂಗು ಪೂರ್ತಿ ಮರಳಲಿಲ್ಲ. ಕೊಬ್ಬರಿ, ಬೆಳ್ಳುಳ್ಳಿ ಎರಡೂ ಅವಳಿಗೆ ಒಂದೇ. ಖಾರಕ್ಕೆ ಈಗ ಅವ್ವ ಮೊಬೈಲಿನಲ್ಲಿ ನಿಮಿಷ ಇಟ್ಟು ಹುರಿಯುತ್ತಾಳೆ. ನೆರೆಯವರು ಕರೆಯಲು ಬರುವುದಿಲ್ಲ. ಇದನ್ನು ಬರೆಯುತ್ತ ಒಂದು ಸಂಗತಿ ನೆನಪಾಯಿತು, ನಿಜವಾಗಿ ನಡೆದದ್ದೋ ನಾನೇ ಸೇರಿಸಿಕೊಂಡದ್ದೋ ತಿಳಿಯದು: ಕೊಬ್ಬರಿ ಹೊತ್ತುವ ಹಿಂದಿನ ದಿನ, ಕೊತ್ತಂಬರಿ ಹುರಿಯುವಾಗ, ಆಯಿ ನನ್ನನ್ನು ಮತ್ತೆ ಮತ್ತೆ "ಅಕ್ಕೂ, ಬಣ್ಣ ಹೆಂಗ ಬಂದೈತಿ ನೋಡು" ಎಂದು ಕೇಳಿದ್ದಳು. ಅದಕ್ಕೂ ಮೊದಲು ಅವಳು ಯಾರನ್ನೂ ಬಣ್ಣ ಕೇಳಿದವಳಲ್ಲ.

ಮೊನ್ನೆ ರಜೆಗೆ ಹೋದಾಗ ಅವಳ ಪಕ್ಕ ಕುಳಿತು ಕೇಳಿದೆ.

"ಆಯಿ, ವಾಸನಿ ಹೋಗೇತಿ ಅಂತ ನಿನಗ ಮೊದಲ ಗೊತ್ತಿತ್ತೇನ?"