ಕಲ್ಲು ಮಾರಲು ನಾನು ಹೇಳಿದ ಪಾಠ

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಆದರೂ ಎಂಬತ್ತರ ದಶಕದಲ್ಲಿ ವಿಶಾಖಪಟ್ಟಣ, ವಿಜಯವಾಡಗಳ ಆರ್ಕಿಟೆಕ್ಟುಗಳಿಗೆ ವರ್ಷಗಟ್ಟಲೆ ಪಾಠ ಹೇಳಿದೆ. ಜಂಬಕ್ಕೆ ಈ ಮಾತು ಹೇಳುತ್ತಿಲ್ಲ. ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಮೈ ಉರಿಯುತ್ತದೆ.

ನಮ್ಮದು ಇಳಕಲ್ಲಿನ ಕಡೆ. ಅಲ್ಲಿನ ಕೆಂಪು ಗ್ರಾನೈಟನ್ನು ಆಂಧ್ರದ ದೊಡ್ಡ ಕಟ್ಟಡಗಳಿಗೆ ಮಾರುವ ಕಂಪನಿಯೊಂದರಲ್ಲಿ ನಾನು ಪ್ರತಿನಿಧಿಯಾಗಿದ್ದೆ. ಆಗಿನ್ನೂ ಆರ್ಕಿಟೆಕ್ಟುಗಳಿಗೆ ಗ್ರಾನೈಟೆಂದರೆ ನೆಲಕ್ಕೆ ಹಾಸುವ ವಸ್ತು. ಬ್ಯಾಂಕು, ಹೋಟೆಲು, ಷಾಪಿಂಗ್ ಕಾಂಪ್ಲೆಕ್ಸುಗಳ ಹೊರಗೋಡೆಗೂ ಅದನ್ನೇ ಹೊದಿಸಬಹುದು ಎಂದು ಅವರ ತಲೆಗೆ ತುಂಬುವುದು ನನ್ನ ಕೆಲಸ. ಕಂಪನಿ ಅದನ್ನು ‘ತಿಳುವಳಿಕೆ ಕಾರ್ಯಕ್ರಮ’ ಎನ್ನುತ್ತಿತ್ತು. ಸುಳ್ಳು. ಅದು ವ್ಯಾಪಾರ.

ಒಂದು ತಗಡಿನ ಪೆಟ್ಟಿಗೆಯಲ್ಲಿ ಅಂಗೈಯಗಲದ ಸ್ಯಾಂಪಲ್ ಕಲ್ಲುಗಳು, ಜೊತೆಗೊಂದು ಒದ್ದೆ ಬಟ್ಟೆ. ಕಲ್ಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಕಿಟಕಿಯ ಬೆಳಕಿಗೆ ಹಿಡಿದರೆ ಬಣ್ಣ ಉಕ್ಕುತ್ತಿತ್ತು. ಡಿಗ್ರಿ ಪಡೆದವರು ನನ್ನೆದುರು ನೋಟ್‌ಬುಕ್ ಬಿಚ್ಚಿ ಕೂತು, ತೆಲುಗಿನ ಗೌರವದಲ್ಲಿ ‘ಗುರುಗಾರು’ ಎಂದು ಕರೆದು ಬರೆದುಕೊಳ್ಳುತ್ತಿದ್ದರು. ಕೊನೆಗೆ ಒಪ್ಪಿದ ಸ್ಯಾಂಪಲ್ಲಿನ ಬೆನ್ನಿಗೆ ಚೀಟಿ ಅಂಟಿಸಿ ಅವರ ಸಹಿ ಹಾಕಿಸಿಕೊಳ್ಳುತ್ತಿದ್ದೆ. ಆ ಸಹಿ ಬಿತ್ತೆಂದರೆ ನಮ್ಮ ಜವಾಬ್ದಾರಿ ಮುಗಿದಂತೆ. ಗುರುಗಾರು ಅನ್ನಿಸಿಕೊಂಡ ಸುಖಕ್ಕೆ ನಾನು ಮುಂದೆ ಏನು ಮಾಡಿದೆ ಎಂಬುದನ್ನೇ ಇಲ್ಲಿ ಬರೆಯಬೇಕಾಗಿದೆ.

ಗೋಡೆಗೆ ಕಲ್ಲು ನಿಲ್ಲಿಸಲು ಸಿಮೆಂಟ್ ಒಂದೇ ಸಾಲದು. ಚಪ್ಪಡಿಯ ಅಂಚಿನಲ್ಲಿ ಸಣ್ಣ ತೋಡು ಕೊರೆದು, ಅದರೊಳಗೆ ಲೋಹದ ಪಟ್ಟಿಯ ತುದಿ ಕೂರಿಸಿ, ಇನ್ನೊಂದು ತುದಿಯನ್ನು ಗೋಡೆಗೆ ಬಿಗಿಯಬೇಕು. ಇದಕ್ಕೆ ಕ್ಲಾಂಪ್ ಎನ್ನುತ್ತಾರೆ. ನಮ್ಮ ಕ್ಲಾಂಪುಗಳು ವಿಜಯವಾಡದ ಆಟೋನಗರದ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ತಯಾರಾಗುತ್ತಿದ್ದವು. ಬರೀ ಕಬ್ಬಿಣ, ಮೇಲೊಂದು ಕೆಂಪು ಪೇಂಟು. ವಿಶಾಖಪಟ್ಟಣದ ಐದು ಮಹಡಿಯ ಕಾಂಪ್ಲೆಕ್ಸಿನ ಆರ್ಡರಿಗಾಗಿ ನಾವು ಓಡಾಡುತ್ತಿದ್ದಾಗ, ಕಲ್ಲು ಕೂರಿಸುವ ನಮ್ಮೂರಿನ ಹಿರಿಯ ಮೇಸ್ತ್ರಿ ಆ ಅಂಗಡಿಯಲ್ಲೇ ನನ್ನನ್ನು ನಿಲ್ಲಿಸಿ ಹೇಳಿದ.

“ತಮ್ಮಾ, ಇವು ಇಲ್ಲಿ ಬೆಜವಾಡಕ್ಕಾದ್ರ ನಡೀತಾವು. ಸಮುದ್ರದ ದಂಡಿಗೆ ನಡ್ಯಂಗಿಲ್ಲ. ಉಪ್ಪಿನ ಗಾಳಿಗೆ ತುಕ್ಕು ಹಿಡದು ಕಬ್ಬಿಣ ಉಬ್ಬತೈತಿ. ಉಬ್ಬಿದ್ರ ಕಲ್ಲಿನ ಅಂಚು ಒಡೀತೈತಿ. ಅಲ್ಲಿಗೆ ಸ್ಟೇನ್‌ಲೆಸ್ಸೇ ಆಗಬೇಕು.”

“ಹೇಳೋಣ ತಗೋ ಅಣ್ಣಾ.”

“ಹೇಳೋಣ ಅಲ್ಲ, ಹೇಳು. ಆ ದೊಡ್ಡ ಮಂದಿ ನಿನ್ನ ಮಾತು ಕೇಳ್ತಾರ. ಮಣ್ಣಿನ ಕೈಯವನ ಮಾತು ಯಾರು ಕೇಳ್ತಾರ?”

ಕಂಪನಿಯ ಮಾಲೀಕರಿಗೆ ಫೋನ್ ಮಾಡಿದೆ. “ನೀನು ಕಲ್ಲಿನ ಪಾಠ ಹೇಳು, ಕೊಕ್ಕೆಯ ಪಾಠ ಬೇಡ. ರೇಟು ಏರಿದರೆ ಅವರು ಗಾಜು ಹಾಕಿಸ್ತಾರೆ” ಎಂದರು. ಆಯಿತು ಎಂದೆ. ಅಷ್ಟು ಸಲೀಸಾಗಿ ಆಯಿತು ಎಂದೆ.

ವಿಶಾಖಪಟ್ಟಣದ ಆ ಆರ್ಕಿಟೆಕ್ಟ್ ಆಫೀಸಿನಲ್ಲಿ ಕಟ್ಟಡದ ನಕ್ಷೆ ಮಾಡುತ್ತಿದ್ದವರು ಒಬ್ಬ ಯುವತಿ. ತಾಯಿ ಬಳ್ಳಾರಿ ಕಡೆಯವರು, ತಂದೆ ಅಲ್ಲಿಯವರೇ. ನನ್ನೊಡನೆ ಕನ್ನಡದಲ್ಲೇ ಮಾತು, ಆದರೆ ಪ್ರತಿ ಮಾತಿಗೂ ನಮ್ಮ ‘ರೀ’ಯಂಥ ತೆಲುಗಿನ ಒಂದು ‘ಅಂಡಿ’. ಆಫೀಸಿನ ಮುಖ್ಯಸ್ಥರಾದ ಹಿರಿಯರೂ ಉಳಿದವರೂ ಕಲ್ಲಿನ ಬಣ್ಣ ನೋಡಿ ತಲೆದೂಗುತ್ತಿರುವಾಗ ಆಕೆ ಪೆನ್ನು ಕೆಳಗಿಟ್ಟರು.

“ಕ್ಲಾಂಪ್ ಯಾವ ಲೋಹ ಅಂಡಿ? ಕಬ್ಬಿಣ ಆದ್ರೆ ಈ ಗಾಳಿಗೆ ತಡಿತದಾ?”

ಇಡೀ ಊರಿನಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ. ನಿಜ ಹೇಳಲು ಒಂದೇ ಮಾತು ಸಾಕಿತ್ತು. ನಾನು ಹೇಳಿದ್ದು ಇದು: “ಮೇಡಂ, ನಮ್ಮ ಕಡೆ ಗುಡಿಗಳು ಸಾವಿರ ವರ್ಷದಿಂದ ನಿಂತಾವ. ಅವಕ್ಕೇನು ಸ್ಟೇನ್‌ಲೆಸ್ ಸ್ಟೀಲ್ ಹಾಕ್ಯಾರೇನ್ರಿ?”

ಎಲ್ಲರೂ ನಕ್ಕರು. ವಿಜಯವಾಡದ ಬೆಂಜ್ ಸರ್ಕಲ್ಲಿನ ಆಫೀಸುಗಳಲ್ಲಿ ಹತ್ತಾರು ಸಲ ನಗಿಸಿದ್ದ ಮಾತದು.

“ಗುಡಿಯಾಗೆ ಕಲ್ಲಿನ ಮೇಲೆ ಕಲ್ಲು ಕೂತಿರ್ತದೆ. ಇಲ್ಲಿ ನೇತಾಡ್ತದೆ, ಅಲ್ಲೇನಂಡಿ?” ಎಂದರು ಆಕೆ.

“ನಮ್ಮ ಹುಡುಗಿಗೆ ಎಲ್ಲದರಲ್ಲೂ ಅನುಮಾನ. ಮದುವೆಗೆ ಗಂಡು ತೋರಿಸಿದರೂ ಕ್ಲಾಂಪ್ ಯಾವುದು ಅಂತ ಕೇಳ್ತಾಳೆ” ಎಂದರು ಹಿರಿಯರು ತೆಲುಗಿನಲ್ಲಿ. ಮತ್ತೆ ನಗು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. “ಕಬ್ಬಿಣಾನ ಸಾಕ್ರಿ ಮೇಡಂ, ನಾ ಹೇಳ್ತೀನಲ್ಲ” ಎಂದು ಸ್ಯಾಂಪಲ್ ತಿರುಗಿಸಿ ಮುಂದಿಟ್ಟೆ. ಆಕೆ ಕೆಳಗಿಟ್ಟಿದ್ದ ಪೆನ್ನು ಎತ್ತಿ ಸಹಿ ಮಾಡಿದರು.

ಆರೇಳು ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ಮೂರನೆಯ ಮಹಡಿಯಿಂದ ಚಪ್ಪಡಿ ಕಳಚಿ ಬಿತ್ತು. ಕೆಳಗೆ ಸೀಬೆಹಣ್ಣು ಮಾರುತ್ತಿದ್ದವನ ಬಲಗೈ ಜಜ್ಜಿಹೋಯಿತು. ಆ ಕೈಯನ್ನು ಉಳಿಸಲು ಆಗಲಿಲ್ಲ. ನೋಡಲು ಆಸ್ಪತ್ರೆಯ ಬಾಗಿಲವರೆಗೆ ಹೋಗಿ ಹಾಗೇ ತಿರುಗಿ ಬಂದೆ. ಇಂಥ ಹೇಡಿ ನಾನು.

ಕಟ್ಟಡದ ಯಜಮಾನರು ಎಲ್ಲರನ್ನೂ ಕರೆಸಿದರು. ಮೇಜಿನ ಮೇಲೆ ಉಬ್ಬಿ ಪದರ ಬಿಟ್ಟ ಕ್ಲಾಂಪ್ ಇತ್ತು. ಕಬ್ಬಿಣ ಸಾಕು ಎಂದವರು ಯಾರು ಎಂದು ಕೇಳಿದರು.

“ಇವರನ್ನೇ ಕೇಳಿ ಅಂಡಿ. ನಾನು ಅವತ್ತೇ ಕೇಳಿದ್ದೆ” ಎಂದು ಆಕೆ ನನ್ನತ್ತ ತಿರುಗಿದರು.

ಮೇಸ್ತ್ರಿಯ ಮಾತು ನನಗೆ ಅಕ್ಷರ ಬಿಡದೆ ನೆನಪಿತ್ತು. ಆಕೆಯ ಹೆಸರು, ಕೆಲಸ ಎರಡೂ ನನ್ನ ಒಂದು ಮಾತಿನಲ್ಲಿದ್ದವು. ನಾನು ಆಕೆಯ ಸಹಿಯಿದ್ದ ಸ್ಯಾಂಪಲ್ ತೆಗೆದು ಮೇಜಿನ ಮೇಲಿಟ್ಟೆ. “ನಾವು ಕಲ್ಲಿಗೆ ಜವಾಬ್ದಾರರು. ಕಲ್ಲು ಚೆನ್ನಾಗೇ ಇದೆ. ಕ್ಲಾಂಪಿನ ಆಯ್ಕೆ ನಕ್ಷೆ ಮಾಡಿದವರದ್ದು” ಎಂದೆ. ಅವತ್ತು ನಕ್ಕಿದ್ದ ಹಿರಿಯರು ಕಿಟಕಿಯ ಹೊರಗೆ ನೋಡುತ್ತ ಕೂತರು. ಅವರ ಮೇಲೂ ಸಿಟ್ಟಿದೆ ನನಗೆ. ಆದರೆ ಸುಳ್ಳು ಹೇಳಿದ ಬಾಯಿ ನನ್ನದು.

ಆಕೆಯ ಕೆಲಸ ಹೋಯಿತು. ಕಲ್ಲು ಬೀಳಿಸಿದವಳು ಎಂದು ಊರಿಡೀ ಹೆಸರಾಯಿತು. ದೊಡ್ಡ ಕಟ್ಟಡ ಯಾರೂ ಕೊಡಲಿಲ್ಲ. ಮೇಸ್ತ್ರಿ ಸುದ್ದಿ ಕೇಳಿ, “ಹೇಳಿದ್ಯೋ ಇಲ್ಲೋ?” ಎಂದು ಕೇಳಿದ. ಹೇಳಿದೆ, ಆ ಹೆಣ್ಣುಮಗಳು ಕೇಳಲಿಲ್ಲ ಎಂದೆ. ಅವನು ಅದನ್ನೇ ನಂಬಿ ಸತ್ತ.

ನಿವೃತ್ತನಾದ ಮೇಲೆ, ತೊಂಬತ್ತರ ದಶಕದ ಕೊನೆಗೆ, ಒಂದು ಕಾಗದ ಬರೆದುಕೊಂಡು ವಿಶಾಖಪಟ್ಟಣದ ಹತ್ತಿರದ ಭೀಮುನಿಪಟ್ಟಣಕ್ಕೆ ಹೋದೆ. ಆಕೆ ಅಲ್ಲಿ ಕಾಂಪೌಂಡ್ ಗೋಡೆ, ಸಣ್ಣ ಮನೆಗಳ ನಕ್ಷೆ ಮಾಡಿಕೊಂಡಿದ್ದರು. ನನ್ನನ್ನು ಗುರುತು ಹಿಡಿದರು, ಕೂರಿ ಎನ್ನಲಿಲ್ಲ. ಕಾಗದ ಕೊಟ್ಟೆ.

“ಕನ್ನಡ ಓದಕ್ಕೆ ಬರಲ್ಲ ನಂಗೆ. ನೀವೇ ಓದಿ.”

ನಿಂತೇ ಓದಿದೆ. ‘ಕ್ಲಾಂಪಿನ ವಿಷಯದಲ್ಲಿ ನನ್ನಿಂದ ತಪ್ಪು ತಿಳುವಳಿಕೆಯಾಯಿತು’ ಎನ್ನುವಲ್ಲಿ ಆಕೆ ತಡೆದರು.

“ನಿಮಗೆ ಗೊತ್ತಿತ್ತಾ, ಇಲ್ವಾ?”

“ಗೊತ್ತಿತ್ರಿ.”

“ಮತ್ತೆ ಇದೇನು ತಪ್ಪು ತಿಳುವಳಿಕೆ? ಗೊತ್ತಿದ್ದೇ ಸುಳ್ಳು ಹೇಳಿದೆ ಅಂತ ಬರೀರಿ.”

“ನನಗ ವಯಸ್ಸಾಗೈತ್ರಿ ಮೇಡಂ.”

“ನಂಗೂ ಆಗೈತೆ ಅಂಡಿ.”

ಒಂದು ಕ್ಷಣ ನನಗೇ ಸಿಟ್ಟು ಬಂತು. ಇಷ್ಟು ದೂರ ಬಂದವನಿಗೆ ಒಂದು ಲೋಟ ನೀರೂ ಇಲ್ಲ, ಮೇಲೆ ಹೀಗೆ. ಆ ವಯಸ್ಸಿನಲ್ಲೂ ಹಾಗೆ ಅನ್ನಿಸಿತಲ್ಲ ಎಂದು ಈಗ ಹೇಸಿಗೆಯಾಗುತ್ತದೆ. ಆಕೆ ಬಿಳಿ ಹಾಳೆ ತೆಗೆದು ಇಂಗ್ಲಿಷಿನಲ್ಲಿ ಬರೆಯಲು ಕೂತರು. ಆಟೋನಗರದಲ್ಲಿ ಮೇಸ್ತ್ರಿ ಹೇಳಿದ್ದು, ಮಾಲೀಕರ ಫೋನು, ನಾನು ಮಾಡಿದ ತಮಾಷೆ, ಮೇಜಿನ ಮೇಲಿಟ್ಟ ಸ್ಯಾಂಪಲ್, ಎಲ್ಲವನ್ನೂ ಒಂದೊಂದೇ ಹೇಳಿದೆ. ನಾನು ಹೇಳಿದ್ದಕ್ಕಿಂತ ಒಂದು ಮಾತು ಆಕೆ ಹೆಚ್ಚು ಬರೆಯಲಿಲ್ಲ, ಕಡಿಮೆಯೂ ಬರೆಯಲಿಲ್ಲ. ಸಹಿ ಮಾಡಿದೆ. ವಿಶಾಖಪಟ್ಟಣದ ಆರ್ಕಿಟೆಕ್ಟುಗಳ ಸಂಘಕ್ಕೆ ಎಂದು ಆಕೆ ಲಕೋಟೆಯ ಮೇಲೆ ವಿಳಾಸ ಬರೆದರು.

“ನನ್ನನ್ನ ಕ್ಷಮಿಸಿಬಿಡ್ರಿ” ಎಂದೆ.

“ಮೊದಲು ಇದು ತಲುಪಲಿ” ಎಂದು ಆಕೆ ಲಕೋಟೆ ಅಂಟಿಸಿದರು.