ಕಾಲರಿಗೆ ಹತ್ತಿದ ಕುಂಕುಮ

ದಸರೆಯ ರಜೆ ಮುಗಿದು ಬನ್ನಿಮಂಟಪದ ಗಾರ್ಮೆಂಟ್ಸ್ ಬಾಗಿಲು ತೆರೆದ ಮೊದಲ ಬೆಳಿಗ್ಗೆ. ಹೊಲಿದ ಕಾಲರುಗಳ ಬಂಡಲನ್ನು ಮುಂದಿನ ಮೆಷಿನ್ನಿಗೆ ದಾಟಿಸಿ, ಬೆವರು ಒರೆಸಿಕೊಳ್ಳಲು ಕೈಯೆತ್ತಿದ ಗಿರಿಜಾಂಬಾ ತನ್ನ ಬೆರಳ ತುದಿ ಕೆಂಪಗಿರುವುದನ್ನು ಕಂಡಳು. ಸೂಜಿ ಚುಚ್ಚಿರಬೇಕೆಂದು ಒತ್ತಿ ನೋಡಿದಳು. ಗಾಯವಿರಲಿಲ್ಲ. ಮೂಗಿನ ಬಳಿ ಹಿಡಿದರೆ ಎಣ್ಣೆಯ ವಾಸನೆ. ಬಗ್ಗಿ ಮೆಷಿನ್ನಿನ ತಲೆಯ ಅಡಿಗೆ ಕಣ್ಣು ಹಾಯಿಸಿದಳು. ಹಬ್ಬದ ಹಿಂದಿನ ದಿನ ಅಲ್ಲಿ ತಾನೇ ಇಟ್ಟಿದ್ದ ಕುಂಕುಮದ ಬೊಟ್ಟು ಎಣ್ಣೆಗೆ ಕರಗಿ, ಬಟ್ಟೆ ಸರಿಯುವ ಜಾಗಕ್ಕೆ ಇಳಿದಿತ್ತು.

ಹಿಂದಿನ ವರ್ಷಗಳಲ್ಲಿ ಆಯುಧಪೂಜೆಗೆ ಇಡೀ ಲೈನು ಹೂವಿನ ಅಂಗಡಿಯಂತಾಗುತ್ತಿತ್ತು. ಒಬ್ಬೊಬ್ಬಳೂ ತನ್ನ ಮೆಷಿನ್ನನ್ನು ಒರೆಸಿ, ಬೊಟ್ಟಿಟ್ಟು, ಸೇವಂತಿಗೆ ಮುಡಿಸಿ ಕೈಮುಗಿಯುತ್ತಿದ್ದಳು. ಈ ವರ್ಷ ಹೊಸದಾಗಿ ಬಂದ ಫ್ಲೋರ್ ಇನ್‌ಚಾರ್ಜ್ ವಿಜಯ್‌ಕುಮಾರ್ ಬೇಡವೆಂದಿದ್ದ. ಬಿಳಿ ಸ್ಕೂಲ್ ಶರ್ಟಿನ ಆರ್ಡರು, ಮೆಷಿನ್ನಿಗೆ ಯಾರೂ ಏನೂ ಹಚ್ಚಕೂಡದು, ಪೂಜೆ ಏನಿದ್ದರೂ ಆಫೀಸಿನ ಬಾಗಿಲಿಗೆ. ಆ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಮನೆಮಂದಿಗೆಲ್ಲ ಹಬ್ಬದೂಟ ಬಡಿಸಿ ಒಂದು ಮಗುವನ್ನು ಮಾತ್ರ ಹೊರಗೆ ಕೂರಿಸಿದಂತೆ ಅವಳಿಗೆ ಅನ್ನಿಸಿತ್ತು. ಸಂಜೆ ಎಲ್ಲರೂ ಕೆಲಸ ಮುಗಿಸಿ ಎದ್ದ ಮೇಲೆ, ಕಣ್ಣಿಗೆ ಬೀಳದ ಜಾಗದಲ್ಲಿ ವಿಭೂತಿ ಎಳೆದು, ಒಂದೇ ಒಂದು ಬೊಟ್ಟು ಇಟ್ಟು ಬಂದಿದ್ದಳು.

ಈಗ ಆ ಬೊಟ್ಟು ಯಾವುದೋ ಕಾಲರಿಗೆ ಹತ್ತಿ ಮುಂದೆ ಹೋಗಿತ್ತು.

ಕಲೆ ಬಿದ್ದ ಶರ್ಟು ಸಿಕ್ಕರೆ ವಿಜಯ್‌ಕುಮಾರ್ ಬರೀ ಬೈಯುತ್ತಿರಲಿಲ್ಲ. ಅದನ್ನು ಹೊಲಿದವಳ ಕುತ್ತಿಗೆಗೆ ನೇತುಹಾಕಿಸಿ, ಊಟದ ಗಂಟೆ ಹೊಡೆಯುವವರೆಗೆ ಚೆಕಿಂಗ್ ಟೇಬಲಿನ ಪಕ್ಕ ನಿಲ್ಲಿಸುತ್ತಿದ್ದ. ಶ್ರಾವಣದಲ್ಲಿ ಸಿಂಚನ ಎಂಬ ಹುಡುಗಿ ಹಾಗೆ ನಿಂತಿದ್ದಳು. ಮಾರನೆಯ ದಿನದಿಂದ ಕೆಲಸಕ್ಕೆ ಬರಲಿಲ್ಲ. ಅವತ್ತು ಗಿರಿಜಾಂಬಾ ತಲೆ ತಗ್ಗಿಸಿ ಹೊಲಿಯುತ್ತಲೇ ಇದ್ದಳು, ಎಲ್ಲರ ಹಾಗೆ.

ಕಾಲರು ಹೊಲಿಯುವುದನ್ನು ಅವಳಿಗೆ ಕಲಿಸಿದವನು ಅಪ್ಪ. ಮಠದ ಹಾಸ್ಟೆಲಿನ ಹುಡುಗರಿಗೆ ಅಂಗಿ ಹೊಲಿಯುತ್ತಿದ್ದ ಸಿದ್ದಲಿಂಗಸ್ವಾಮಿ. ಹೊಲಿದ ಕಾಲರನ್ನು ಮಗುಚುವಾಗ ಮೂಲೆಯನ್ನು ಕತ್ತರಿಯಿಂದ ತಿವಿಯಬಾರದು, ಬಟ್ಟೆಗೆ ನೋವಾಗುತ್ತದೆ ಎನ್ನುತ್ತಿದ್ದ. ಅವನು ಕೆತ್ತಿಕೊಟ್ಟ ಬಿದಿರ ಕಡ್ಡಿ ಇವತ್ತಿಗೂ ಅವಳ ಜೊತೆಗಿತ್ತು. ಕಡ್ಡಿ ಒಳಗಿನಿಂದ ಮೆಲ್ಲಗೆ ಒತ್ತಿದಾಗ ಮೂಲೆ ಮೊಗ್ಗಿನ ತುದಿಯಂತೆ ಚೂಪಾಗಿ ಹೊರಬರುವುದು. ಆ ಕ್ಷಣಕ್ಕೆ ಅವಳಿಗೊಂದು ಸಣ್ಣ ಸುಖವಿತ್ತು, ಯಾರಿಗೂ ಹೇಳಿಕೊಳ್ಳಲಾಗದಷ್ಟು ಸಣ್ಣದು. ಈಚೆಗೆ ಅದೂ ಸಿಗುತ್ತಿರಲಿಲ್ಲ. ವಿಜಯ್‌ಕುಮಾರನ ಬೂಟಿನ ಸದ್ದು ಹತ್ತಿರವಾದರೆ ಕಡ್ಡಿಯನ್ನು ಅರ್ಧಕ್ಕೇ ಎಳೆದುಕೊಂಡು ಮುಂದಿನ ಕಾಲರಿಗೆ ಕೈಹಾಕುತ್ತಿದ್ದಳು. ಭಾನುವಾರ ಸಂಜೆಯಾದರೆ ತುತ್ತು ಇಳಿಯುತ್ತಿರಲಿಲ್ಲ. ಮಠದ ದಾಸೋಹದಲ್ಲಿ ಅಡುಗೆ ಮಾಡುವ ಗಂಡ ಏಕಾಂತಯ್ಯ ನೋಡಿ ನೋಡಿ ಒಂದು ದಿನ, "ಬುಟ್ಬುಡು ಗಿರಿಜಾ, ಬೇರೆ ಕಡೆ ನೋಡಾನ" ಎಂದಿದ್ದ.

"ಆವಯ್ಯನ್ನ ಬುಡಬಹುದು ಕಣ್ರೀ," ಎಂದಿದ್ದಳು ಅವಳು. "ಕಾಲರ್‌ನ ಎಂಗ್ ಬುಡ್ಲಿ?"

ಮುಂದಿನ ಮೆಷಿನ್ನಿನಲ್ಲಿ ಅಂಗಿಗೆ ಕಾಲರು ಕೂರಿಸುವವಳು ದೇವಿರಮ್ಮ. ಅಗಲ ಹಣೆ, ಅದಕ್ಕೆ ತಕ್ಕಷ್ಟು ದೊಡ್ಡ ಕುಂಕುಮ, ಯಾರಿಗೂ ಹೆದರದ ಬಾಯಿ. ಎದ್ದುಹೋಗಿ ಬಂಡಲನ್ನು ವಾಪಸು ಕೇಳಬೇಕೆಂದು ಗಿರಿಜಾಂಬಾಳ ಮನಸ್ಸು ತವಕಿಸಿತು. ಆದರೆ ಕೇಳದೆ ಮೆಷಿನ್ ಬಿಟ್ಟೇಳುವುದೇ ಇಲ್ಲಿ ಅಪರಾಧ. ಈಗ ಏಳುತ್ತೇನೆ, ಈಗ ಏಳುತ್ತೇನೆ ಎನ್ನುತ್ತಿರುವಂತೆಯೇ ಬಂಡಲು ದೇವಿರಮ್ಮನ ಕೈ ದಾಟಿತು, ತೋಳಿನವರನ್ನು ದಾಟಿತು, ಗುಂಡಿಯವರನ್ನು ದಾಟಿತು. ಕಲೆ ಯಾರ ಕಣ್ಣಿಗೂ ಬೀಳದಿರಲಪ್ಪಾ ಎಂದು ಒಳಗೊಳಗೇ ಬೇಡಿಕೊಳ್ಳುತ್ತಾ ಅವಳು ಹೊಲಿದ ಮೂಲೆಗಳು ಒಂದೂ ನೆಟ್ಟಗಾಗಲಿಲ್ಲ.

ಚೆಕಿಂಗ್ ಟೇಬಲಿನಿಂದ ವಿಜಯ್‌ಕುಮಾರ್ ಕೂಗಿದ. ಕೂಗಿದ್ದು ಅವಳನ್ನಲ್ಲ, ದೇವಿರಮ್ಮನನ್ನು. ಕಾಲರು ಅಂಗಿಗೆ ಕೂಡುವ ಜಾಗದಲ್ಲೇ ಕೆಂಪು ಕಲೆಯಿತ್ತು. ಹಣೆಯ ಬೆವರು ಒರೆಸಿದ ಕೈಯಲ್ಲೇ ಬಟ್ಟೆ ಮುಟ್ಟಿದ್ದಾಳೆ ಎಂದು ಅವನು ತೀರ್ಮಾನಿಸಿಯಾಗಿತ್ತು.

"ನನ್ನ ಹಣೇದು ನನ್ನ ಹಣೇಲೇ ಅದೆ ಸಾರ್, ನೋಡ್ಕಳಿ," ಎಂದಳು ದೇವಿರಮ್ಮ.

ಯಾರೋ ಕಿಸಕ್ಕೆಂದರು. ಅದರಿಂದ ಅವನಿಗೆ ಇನ್ನಷ್ಟು ರೇಗಿತು. ಶರ್ಟಿನ ಎರಡೂ ತೋಳು ಹಿಡಿದು ಅವಳ ಕುತ್ತಿಗೆಯತ್ತ ಚಾಚಿದ. ದೇವಿರಮ್ಮನ ಮುಖದಲ್ಲಿದ್ದ ನಗು ಆರಿಹೋಯಿತು.

ಗಿರಿಜಾಂಬಾ ಎದ್ದದ್ದು ಅವಳಿಗೇ ಗೊತ್ತಾಗಲಿಲ್ಲ. ಚೆಕಿಂಗ್ ಟೇಬಲಿನ ಮುಂದೆ ಹೋಗಿ ನಿಂತಳು.

"ಅದು ನನ್ನ ಮೆಷಿನ್ ಕುಂಕುಮ ಸಾರ್. ನೀವು ಬೇಡ ಅಂದ್ರೂ ಇಟ್ಟೆ. ತಪ್ಪು ನಂದು."

"ಸರಿ. ನೀನೇ ಹಾಕ್ಕೊಂಡು ನಿಂತ್ಕೋ."

ಅವಳು ಶರ್ಟನ್ನು ಇಸಿದುಕೊಂಡಳು. ಮೆಷಿನ್ನುಗಳ ಸದ್ದು ಒಂದೊಂದಾಗಿ ನಿಲ್ಲುತ್ತಿತ್ತು. ಅದನ್ನು ಮಡಿಸಿ ಎದೆಗವಚಿಕೊಂಡಳು.

"ಬಿಚ್ಚಿ ಬೇರೆ ಕಾಲರ್ ಹಾಕ್ಕೊಡ್ತೀನಿ. ಕುತ್ತಿಗೆಗೆ ಮಾತ್ರ ಹಾಕ್ಕೊಳಲ್ಲ ಸಾರ್."

"ಕೆಲಸ ಬೇಡ್ವಾ ನಿಂಗೆ?"

"ಬೇಕು ಸಾರ್. ಅದಕ್ಕೇ ಬಿಚ್ತೀನಿ ಅಂತಿರೋದು."

ಅವನು ಸುತ್ತ ನೋಡಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಸಂಜೆ ಆಫೀಸಿಗೆ ಬರಬೇಕೆಂದು ಹೇಳಿ ಹೊರಟುಹೋದ.

ಮೆಷಿನ್ನಿಗೆ ಮರಳುವಾಗ ದೇವಿರಮ್ಮ ಜೊತೆಗೇ ಬಂದಳು. "ಒಂದೊತ್ತು ನಿಂತಿದ್ರೆ ನಾನೇನ್ ಸಾಯ್ತಿರ್ನಿಲ್ಲ ಕಣಕ್ಕ," ಎಂದಳು. ಕೂತ ಮೇಲೆ ದನಿ ತಗ್ಗಿಸಿ, "ನೀನು ಅಂಗೇ ಕುಂತಿದ್ರೆ ಮಾತ್ರ ನಿನ್ನ ಬುಡ್ತಿರ್ನಿಲ್ಲ."

ಗಿರಿಜಾಂಬಾ ಮೆಷಿನ್ನಿನ ಅಡಿಯ ಕುಂಕುಮವನ್ನು ಚಿಂದಿಬಟ್ಟೆಯಿಂದ ಪೂರ್ತಿ ಒರೆಸಿದಳು. ಬಿಳಿ ವಿಭೂತಿ ಯಾವ ಬಿಳಿ ಬಟ್ಟೆಗೂ ಕೇಡು ಮಾಡದೆಂದು ಅದನ್ನು ಹಾಗೇ ಬಿಟ್ಟಳು. ಹಳೆಯ ಕಾಲರು ಬಿಚ್ಚಿ ಹೊಸದನ್ನು ಹೊಲಿದು ಮಗುಚಿದಳು. ಸಂಜೆ ಆಫೀಸಿಗೆ ಹೋಗುವುದು ಇದ್ದೇ ಇತ್ತು. ಆದರೂ ಕಡ್ಡಿ ಒತ್ತಿದಾಗ ಮೂಲೆ ಚೂಪಾಗಿ ಹೊರಬಂತು, ಎಷ್ಟೋ ದಿನದ ಮೇಲೆ ಅವಳು ಅದನ್ನು ಕಣ್ತುಂಬ ನೋಡಿದಳು. ಹಿಂದೆ ಬೂಟಿನ ಸದ್ದು ಬಂದು ಹೋಯಿತು. ಇನ್ನೊಂದು ಮೂಲೆಯೂ ತಿರುಗುವವರೆಗೆ ಅವಳು ತಲೆಯೆತ್ತಲಿಲ್ಲ.

ಆಫೀಸಿನಲ್ಲಿ ಅವನು ಬಹಳ ಹೊತ್ತು ಬೈದ. ಇನ್ನೊಮ್ಮೆ ಎದುರಾಡಿದರೆ ದಾರ ಕತ್ತರಿಸುವ ಟೇಬಲಿಗೆ ಹಾಕುತ್ತೇನೆ, ಮೆಷಿನ್ ಮುಟ್ಟಗೊಡುವುದಿಲ್ಲ ಎಂದ. ಶರ್ಟಿನ ಮಾತನ್ನು ಮಾತ್ರ ಎತ್ತಲಿಲ್ಲ. ಅವಳು ಕೇಳಿಸಿಕೊಂಡು ಹೊರಬಂದಳು. ರಾಜೀವನಗರದ ಬಸ್ಸು ಹತ್ತಿ ಟಿಕೆಟಿಗೆ ಕೈ ಚಾಚಿದಾಗ, ಮುಷ್ಟಿಯಲ್ಲಿ ಬಿದಿರ ಕಡ್ಡಿ ಹಾಗೆಯೇ ಇತ್ತು. ಬೆಳಿಗ್ಗೆ ಬೇಕಲ್ಲ ಎಂದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.